ಸಿಲಿಕೋನ್ ‘ಒಣಗಿತು’ ಎನ್ನುವ ಮುನ್ನ

ಸಂಪಾದಕರಿಗೆ,

ಮಾನ್ಯರೇ,

ಎಣ್ಣೆ ಜಿನುಗುವ ಗೇರ್‌ಬಾಕ್ಸ್ ಕವರಿಗೆ ಹೊಸ ಪ್ಯಾಕಿಂಗ್ (ಎರಡು ಭಾಗಗಳ ಸಂದು ಸೋರದಂತೆ ನಡುವೆ ಕೂರಿಸುವ ಹಾಳೆ, ಅಂದರೆ ಗ್ಯಾಸ್ಕೆಟ್) ಸಿಗದಿದ್ದರೆ ಸಿಲಿಕೋನ್ ಸೀಲಂಟ್ ಹಚ್ಚಿ, ಒಂದು ಗಂಟೆ ಬಿಸಿಲಿನಲ್ಲಿ ಒಣಗಿಸಿ, ಬೋಲ್ಟ್ ಬಿಗಿದು ಎಣ್ಣೆ ತುಂಬಬಹುದು ಎಂಬ ಸಲಹೆ ಕಳೆದ ವಾರ ನಿಮ್ಮ ಪತ್ರಿಕೆಯ ದುರಸ್ತಿ ಅಂಕಣದಲ್ಲಿ ಪ್ರಕಟವಾಗಿತ್ತು. ಬರೆದವರ ಕಾಳಜಿಯ ಬಗ್ಗೆ ನನಗೆ ಸಂಶಯವಿಲ್ಲ. ಒಂದು ಪ್ಯಾಕಿಂಗ್‌ಗಾಗಿ ಇಡೀ ಯಂತ್ರ ವಾರಗಟ್ಟಲೆ ನಿಲ್ಲಬಾರದು ಎಂಬ ಅವರ ಮಾತನ್ನು, ಯಂತ್ರಗಳ ನಡುವೆಯೇ ಬಹುಕಾಲ ದುಡಿದ ನಾನೂ ಒಪ್ಪುತ್ತೇನೆ. ಆದರೆ ಆ ಸಲಹೆಯ ನಡುವೆ ಇರುವ ‘ಒಣಗಿಸಿ’ ಎಂಬ ಒಂದು ಪದ ಎಷ್ಟು ಕೆಲಸಗಳನ್ನು ಕೆಡಿಸುತ್ತದೆ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ. ಹಾಗೆ ಕೆಟ್ಟ ಕೆಲಸಗಳಲ್ಲಿ ನನ್ನ ಕೈಯಿಂದಲೇ ಆದವೂ ಇವೆ. ಆದ್ದರಿಂದ ಪತ್ರ ದೀರ್ಘವಾದರೂ ಓದುಗರು ತಾಳ್ಮೆಯಿಂದ ಓದಬೇಕೆಂದು ಕೋರುತ್ತೇನೆ.

ಒಣಗುವುದು ಎಂದರೆ ಇದ್ದ ತೇವ ಹೊರಗೆ ಹೋಗುವುದು. ಬಟ್ಟೆ ಒಣಗುತ್ತದೆ, ಗೋಡೆಯ ಬಣ್ಣ ಒಣಗುತ್ತದೆ, ಮರಕ್ಕೆ ಹಚ್ಚುವ ಬಿಳಿ ಅಂಟೂ ಒಣಗುತ್ತದೆ. ಇವೆಲ್ಲಕ್ಕೂ ಬಿಸಿಲು ಮತ್ತು ಗಾಳಿ ಒಳ್ಳೆಯವು. ಒಂದೇ ಟ್ಯೂಬಿನಲ್ಲಿ ಬರುವ ಸಿಲಿಕೋನ್ ಸೀಲಂಟಿನಲ್ಲಿ ನಡೆಯುವುದು ಇದಕ್ಕೆ ತೀರ ವಿರುದ್ಧವಾದ ಕ್ರಿಯೆ. ಅದು ಗಾಳಿಯಲ್ಲಿರುವ ನೀರಿನ ಆವಿಯನ್ನು ಒಳಕ್ಕೆ ಎಳೆದುಕೊಂಡು ರಬ್ಬರಾಗುತ್ತದೆ. ತೇವ ಸಿಗದಿದ್ದರೆ ಅದು ಪೇಸ್ಟಾಗಿಯೇ ಉಳಿಯುತ್ತದೆ. ಮುಚ್ಚಳ ತೆಗೆಯದ ಟ್ಯೂಬಿನಲ್ಲಿ ಅದು ತಿಂಗಳುಗಟ್ಟಲೆ ಮೆತ್ತಗಿರುವುದು ಇದೇ ಕಾರಣಕ್ಕೆ. ಗಾರೆ ಕೆಲಸದವರಿಗೆ ಈ ಬಗೆಯ ವಿಷಯ ಹೊಸದೇನಲ್ಲ. ಕಾಂಕ್ರೀಟು ಹಾಕಿದ ಮರುದಿನದಿಂದ ಅದರ ಮೇಲೆ ನೀರು ನಿಲ್ಲಿಸಿ ‘ಕ್ಯೂರಿಂಗ್’ ಮಾಡುವ ಅವರು, ಸಿಮೆಂಟು ಗಟ್ಟಿಯಾಗುವುದಕ್ಕೆ ನೀರು ಬೇಕು, ಬೇಗ ಒಣಗಿದರೆ ಬಿರುಕು ಬಿಡುತ್ತದೆ ಎಂಬುದನ್ನು ಚೆನ್ನಾಗಿ ಬಲ್ಲರು. ಸಿಲಿಕೋನ್ ವಿಷಯದಲ್ಲಿಯೂ ತಂತ್ರಜ್ಞರು ಬಳಸುವುದು ಕ್ಯೂರಿಂಗ್ ಎಂಬ ಅದೇ ಪದವನ್ನು. ಕನ್ನಡದಲ್ಲಿ ಹೇಳುವುದಾದರೆ ‘ಬಲಿಯುವುದು’ ಎಂಬ ಮಾತು ಇದಕ್ಕೆ ಸರಿಯಾಗಿ ಹೊಂದುತ್ತದೆ ಎಂದು ನನಗೆ ಅನ್ನಿಸುತ್ತದೆ. ಕಾಯಿ ಬಲಿಯುವಂತೆ ಸೀಲಂಟೂ ತನ್ನ ಕಾಲಕ್ಕೆ ಬಲಿಯಬೇಕು; ಬಲಿಯದಿದ್ದುದನ್ನು ನಾವು ಹಸಿ ಎನ್ನುತ್ತೇವೆ. ಹಸಿ ಎಂಬ ಪದಕ್ಕೆ ತೇವವಾಗಿದೆ ಎಂಬ ಅರ್ಥವೂ, ಇನ್ನೂ ಬಲಿತಿಲ್ಲ ಎಂಬ ಅರ್ಥವೂ ಇರುವುದರಿಂದಲೇ ಈ ಗೊಂದಲ ಹುಟ್ಟಿರಬೇಕು.

ಒಳಗೆ ನಡೆಯುವುದೇನು ಎಂಬುದನ್ನು ಸ್ವಲ್ಪ ವಿವರಿಸಿದರೆ ಮುಂದಿನ ಮಾತುಗಳು ಸುಲಭವಾಗುತ್ತವೆ. ಸಿಲಿಕಾನ್ ಎಂಬುದು ಮೂಲವಸ್ತು. ಸಿಲಿಕೋನ್ ಎಂಬುದು ಸಿಲಿಕಾನ್ ಮತ್ತು ಆಮ್ಲಜನಕದ ಪರಮಾಣುಗಳು ಒಂದಾದ ಮೇಲೊಂದರಂತೆ ಪೋಣಿಸಿಕೊಂಡಿರುವ ಉದ್ದನೆಯ ಸರಪಳಿ. ಮರಳಿನಲ್ಲಿರುವುದೂ ಇದೇ ಬಂಧ, ಮತ್ತು ಸಾಮಾನ್ಯ ಸಿಲಿಕೋನ್ ರಬ್ಬರು ಸುಮಾರು ಮೈನಸ್ 50 ಡಿಗ್ರಿ ಸೆಲ್ಸಿಯಸ್‌ನಿಂದ 200 ಡಿಗ್ರಿಯವರೆಗೆ ತನ್ನ ಮೃದುತ್ವವನ್ನು ಉಳಿಸಿಕೊಳ್ಳುವುದರಲ್ಲಿ ಆ ಬಂಧದ ಪಾತ್ರ ದೊಡ್ಡದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ರಸಾಯನಶಾಸ್ತ್ರಜ್ಞ ಫ್ರೆಡರಿಕ್ ಕಿಪ್ಪಿಂಗ್ ಈ ವಸ್ತುಗಳಿಗೆ ಹೆಸರಿಟ್ಟರು; 1940ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಯೂಜೀನ್ ರೋಚೋ ಅವರು ತಾಮ್ರದ ವೇಗವರ್ಧಕವನ್ನು ಬಳಸಿ ಇವುಗಳ ಮೂಲದ್ರವ್ಯವನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸುವ ದಾರಿಯನ್ನು ಕಂಡುಕೊಂಡರು. ಟ್ಯೂಬಿನಲ್ಲಿರುವ ಪೇಸ್ಟಿನಲ್ಲಿ ಈ ಸರಪಳಿಗಳು ಬಿಡಿಬಿಡಿಯಾಗಿರುತ್ತವೆ, ಅವುಗಳ ತುದಿಗಳಿಗೆ ಒಂದು ರಾಸಾಯನಿಕ ಗುಂಪು ಬೀಗದಂತೆ ಅಂಟಿಕೊಂಡಿರುತ್ತದೆ. ನೀರಿನ ಆವಿ ತಾಗಿದೊಡನೆ ಆ ಬೀಗ ಕಳಚಿ ಹೊರಗೆ ಹೋಗುತ್ತದೆ, ತೆರೆದ ತುದಿಗಳು ಒಂದನ್ನೊಂದು ಹಿಡಿದುಕೊಂಡು ಬಲೆಯಾಗುತ್ತವೆ, ಆ ಬಲೆಯೇ ರಬ್ಬರು. ನಮ್ಮ ಮೂಗಿಗೆ ಬಡಿಯುವ ವಾಸನೆ ಕಳಚಿಕೊಂಡ ಆ ಬೀಗದ್ದು.

ಈ ಕ್ರಿಯೆ ಗಾಳಿಗೆ ತೆರೆದ ಮೇಲ್ಮೈಯಿಂದ ಒಳಮುಖವಾಗಿ ಸಾಗುತ್ತದೆ ಎಂಬುದೇ ಇಡೀ ವಿಷಯದ ತಿರುಳು. ಹಚ್ಚಿದ 5ರಿಂದ 30 ನಿಮಿಷಗಳೊಳಗೆ ಮೇಲೆ ಕೆನೆಗಟ್ಟುತ್ತದೆ, ಬೆರಳಿನಿಂದ ಮುಟ್ಟಿದರೆ ಅಂಟುವುದಿಲ್ಲ, ನೋಡಿದವರು ‘ಒಣಗಿತು’ ಎಂದುಬಿಡುತ್ತಾರೆ. ಕೆನೆಯ ಕೆಳಗೆ ಎಲ್ಲವೂ ಹಸಿಯಾಗಿರುತ್ತದೆ. ಅಲ್ಲಿಂದ ಮುಂದಕ್ಕೆ ನೀರಿನ ಆವಿ, ಆಗಲೇ ಬಲಿತ ಪದರವನ್ನು ದಾಟಿಕೊಂಡು ಒಳಕ್ಕೆ ಹೋಗಬೇಕು. ಸಿಲಿಕೋನ್ ರಬ್ಬರಿನ ಮೂಲಕ ಆವಿ ಹಾಯ್ದುಹೋಗುತ್ತದೆ ಎಂಬ ಕಾರಣಕ್ಕೆ ಇದು ಸಾಧ್ಯವಾಗುತ್ತದೆ, ಆದರೆ ಪದರ ದಪ್ಪವಾದಷ್ಟೂ ಹಾದಿ ಉದ್ದವಾಗುತ್ತದೆ. ತಯಾರಕರು ಸಾಮಾನ್ಯವಾಗಿ 23 ಡಿಗ್ರಿ ಉಷ್ಣತೆ ಮತ್ತು ಶೇ 50ರಷ್ಟು ಆರ್ದ್ರತೆಯಲ್ಲಿ ಮೊದಲ 24 ಗಂಟೆಗಳಿಗೆ 2ರಿಂದ 3 ಮಿಲಿಮೀಟರ್ ಆಳ ಎಂದು ಲೆಕ್ಕ ಕೊಡುತ್ತಾರೆ. ಇದನ್ನು ನೋಡಿ, 6 ಮಿಲಿಮೀಟರಿಗೆ ಎರಡು ದಿನ ಸಾಕು ಎಂದು ಎಣಿಸುವುದು ಸಹಜ, ಆದರೆ ಆ ಎಣಿಕೆ ತಪ್ಪು. ಆಳ ಎರಡು ಪಟ್ಟಾದರೆ ಕಾಲ ಸುಮಾರು ನಾಲ್ಕು ಪಟ್ಟಾಗುತ್ತದೆ, ಮೂರು ಪಟ್ಟಾದರೆ ಸುಮಾರು ಒಂಬತ್ತು ಪಟ್ಟು. ಮೊದಲ ದಿನ 3 ಮಿಲಿಮೀಟರ್ ಬಲಿತ ಸೀಲಂಟು 6 ಮಿಲಿಮೀಟರ್ ತಲುಪಲು ನಾಲ್ಕು ದಿನ ತೆಗೆದುಕೊಳ್ಳುತ್ತದೆ. ಚಳಿಯ, ಒಣ ಹವೆಯ ದಿನಗಳಲ್ಲಿ ಇನ್ನೂ ಹೆಚ್ಚು. ದಪ್ಪವಾಗಿ ಮೆತ್ತಿದರೆ ಭದ್ರವಾಗುತ್ತದೆ ಎಂಬ ನಂಬಿಕೆ ಎಷ್ಟು ಹುಸಿ ಎಂಬುದಕ್ಕೆ ಇಷ್ಟೇ ಸಾಕು.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಅಂಶವನ್ನು ನಾನು ಕಲಿತದ್ದು ಒಂದು ಪಂಪಿನ ಕವರಿನಿಂದ. ಸುಮಾರು 20 ಮಿಲಿಮೀಟರ್ ಅಗಲದ ಅಂಚಿದ್ದ ಎರಕದ ಕಬ್ಬಿಣದ ಕವರದು. ಮುಖಗಳನ್ನು ಶುಚಿಗೊಳಿಸಿ, ತೆಳುವಾಗಿ ಸಿಲಿಕೋನ್ ಹಚ್ಚಿ, ಬೋಲ್ಟುಗಳನ್ನು ಬಿಗಿದು, ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ನೀರು ಬಿಟ್ಟಾಗ ಸೋರಿಕೆ ಇರಲಿಲ್ಲ. ಒತ್ತಡ ಏರಿದ ಸ್ವಲ್ಪ ಹೊತ್ತಿನಲ್ಲಿಯೇ ಒಂದು ಮೂಲೆಯಿಂದ ನೀರು ಚಿಮ್ಮಿತು. ಬಿಚ್ಚಿ ನೋಡಿದರೆ ಎರಡೂ ಅಂಚುಗಳ ಉದ್ದಕ್ಕೂ ಕೆಲವು ಮಿಲಿಮೀಟರ್ ಅಗಲದ ಪಟ್ಟಿ ಚೆನ್ನಾಗಿ ಬಲಿತಿತ್ತು, ನಡುವಿನ ಭಾಗವೆಲ್ಲ ಹಚ್ಚಿದಾಗ ಇದ್ದಂತೆಯೇ ಪೇಸ್ಟಾಗಿತ್ತು. ಪದರ ಕಾಗದದಷ್ಟು ತೆಳುವಾಗಿದ್ದರೂ ಹೀಗೇಕಾಯಿತು ಎಂದು ಆಗ ನನಗೆ ಆಶ್ಚರ್ಯವಾಗಿತ್ತು. ಆಮೇಲೆ ಯೋಚಿಸಿದಾಗ ಉತ್ತರ ಸರಳವಾಗಿ ಕಂಡಿತು. ಲೋಹದ ಮೂಲಕ ನೀರಿನ ಆವಿ ಹಾಯುವುದಿಲ್ಲ. ಮೇಲೆ ಕೆಳಗೆ ಎರಡೂ ಕಡೆ ಲೋಹವಿರುವಾಗ ಆವಿಗೆ ಇರುವ ದಾರಿ ಅಂಚಿನ ಸಂದು ಮಾತ್ರ. ಆದ್ದರಿಂದ ಇಲ್ಲಿ ಲೆಕ್ಕಕ್ಕೆ ಬರುವ ಆಳ ಸೀಲಂಟಿನ ದಪ್ಪವಲ್ಲ, ಅಂಚಿನ ಅಗಲ. ಒಳಗಿನಿಂದಲೂ ಹೊರಗಿನಿಂದಲೂ ಗಾಳಿ ತಾಗುತ್ತಿದ್ದರೆ 20 ಮಿಲಿಮೀಟರ್ ಅಗಲದ ಅಂಚಿನಲ್ಲಿ ಆವಿ ಎರಡೂ ಕಡೆಯಿಂದ 10 ಮಿಲಿಮೀಟರ್ ಸಾಗಬೇಕು. ಒಂದು ರಾತ್ರಿಯಲ್ಲಿ ಅದು ಆಗುವ ಕೆಲಸವಲ್ಲ. ಇದನ್ನು ಪರೀಕ್ಷಿಸಬೇಕೆನ್ನುವವರು ಎರಡು ಗಾಜಿನ ತುಂಡುಗಳ ನಡುವೆ ಸ್ವಲ್ಪ ಸೀಲಂಟನ್ನು ಒತ್ತಿಟ್ಟು, ಮೂರು ದಿನಗಳ ನಂತರ ಬೇರ್ಪಡಿಸಿ ನೋಡಲಿ. ನಾನು ಹಾಗೆ ಮಾಡಿ ನೋಡಿದ ದಿನದಿಂದ ಅಗಲವಾದ ಅಂಚುಗಳಿಗೆ ಸಿಲಿಕೋನನ್ನು ಪೂರ್ತಿ ಹರಡುವುದನ್ನು ಬಿಟ್ಟು, ಒಂದೇ ಎಳೆಯಾಗಿ ಹಾಕುತ್ತಿದ್ದೇನೆ.

ಬಿಸಿಲಿಗಿಡುವ ಸಲಹೆಗೆ ಈಗ ಬರುತ್ತೇನೆ. ಶಾಖದಿಂದ ಕ್ರಿಯೆ ಸ್ವಲ್ಪ ಚುರುಕಾಗುವುದು ನಿಜ, ಆದರೆ ಜೊತೆಗೆ ತೇವವೂ ಇದ್ದರೆ ಮಾತ್ರ ಅದರಿಂದ ಪ್ರಯೋಜನ. ಬಿಸಿ ಗಾಳಿ ಊದುವ ಯಂತ್ರದ ಮುಂದೆ ಹಿಡಿದರೆ, ಇಲ್ಲವೇ ಕಾದ ಒಲೆಯೊಳಗೆ ಇಟ್ಟರೆ ಮೇಲಿನ ಕೆನೆ ಬೇಗ ಗಟ್ಟಿಯಾಗುತ್ತದೆ, ಒಳಗಿನದಕ್ಕೆ ತೇವ ಹೆಚ್ಚಾಗಿ ದೊರೆಯುವುದಿಲ್ಲ, ಹೊರಗೆ ಹೋಗಬೇಕಾದ ಆವಿಯೂ ಸಂದಿನಲ್ಲಿದ್ದ ಗಾಳಿಯೂ ಹಿಗ್ಗಿ ಗುಳ್ಳೆಗಳಾಗುತ್ತವೆ. ಆ ಗುಳ್ಳೆಗಳ ಸಾಲೇ ಮುಂದೆ ಎಣ್ಣೆ ಜಿನುಗುವ ದಾರಿಯಾಗುತ್ತದೆ. ನಿಜಕ್ಕೂ ಆತುರವಿದ್ದರೆ ಮಾಡಬೇಕಾದದ್ದು ಬೇರೆ. ಕೆನೆಗಟ್ಟಿದ ಮೇಲೆ ಆ ಭಾಗವನ್ನು ಒಂದು ಪೆಟ್ಟಿಗೆಯಲ್ಲಿ ಅಥವಾ ಪ್ಲಾಸ್ಟಿಕ್ ಹಾಳೆಯ ಮರೆಯಲ್ಲಿ ಸಡಿಲವಾಗಿ ಮುಚ್ಚಿ, ಒಳಗೆ ಒಂದು ಒದ್ದೆ ಬಟ್ಟೆಯನ್ನು ಸೀಲಂಟಿಗೆ ತಾಗದಂತೆ ಇಟ್ಟರೆ ಆರ್ದ್ರತೆ ಹೆಚ್ಚುತ್ತದೆ, ಕೆಲಸ ಬೇಗ ಮುಗಿಯುತ್ತದೆ. ಒಣಗಲಿ ಎಂದು ಕಾಯುವವರಿಗೆ ಒದ್ದೆ ಬಟ್ಟೆಯ ಈ ಉಪಾಯ ಎಂದಿಗೂ ಹೊಳೆಯುವುದಿಲ್ಲ. ಒಂದು ತಪ್ಪು ಪದ ನಮ್ಮ ಕೈಯನ್ನು ತಪ್ಪು ಕಡೆಗೆ ಎಳೆಯುತ್ತದೆ ಎಂದು ನಾನು ಹೇಳುವುದು ಇದಕ್ಕಾಗಿ.

ಎರಡು ಭಾಗಗಳಾಗಿ ಬಂದು, ಬಳಸುವಾಗ ಬೆರೆಸಬೇಕಾದ ಸಿಲಿಕೋನುಗಳ ಮಾತು ಬೇರೆ. ಅವುಗಳಲ್ಲಿ ಪ್ಲಾಟಿನಂ ವೇಗವರ್ಧಕ ಇರುವ ಬಗೆಗೆ ಗಾಳಿಯ ತೇವ ಬೇಕಾಗಿಲ್ಲ. ಅದು ಮೇಲೂ ಒಳಗೂ ಒಟ್ಟಿಗೆ ಬಲಿಯುತ್ತದೆ, ಶಾಖ ಕೊಟ್ಟರೆ ದಿನದ ಕೆಲಸ ಕೆಲವೇ ನಿಮಿಷಗಳಲ್ಲಿ ಆಗುವುದೂ ಉಂಟು. ದಪ್ಪನೆಯ ಅಚ್ಚುಗಳಿಗೂ ಸಂಪೂರ್ಣ ಮುಚ್ಚಿದ ಸಂದುಗಳಿಗೂ ಅದೇ ಸರಿ. ಅದಕ್ಕೂ ಒಂದು ಶತ್ರುವಿದೆ: ಗಂಧಕ, ತವರದ ಸಂಯುಕ್ತಗಳು, ಅಮೈನ್‌ಗಳು ಸ್ವಲ್ಪ ತಾಗಿದರೂ ಪ್ಲಾಟಿನಂ ನಿಷ್ಕ್ರಿಯವಾಗಿ, ತಾಗಿದ ಜಾಗವೆಲ್ಲ ಅಂಟಂಟಾಗಿ ಉಳಿಯುತ್ತದೆ. ಗಂಧಕ ಬೆರೆಸಿ ಗಟ್ಟಿಗೊಳಿಸಿದ ಸಾಮಾನ್ಯ ರಬ್ಬರು, ಲೇಟೆಕ್ಸ್ ಕೈಗವಸು ಇವೂ ಆ ತೊಂದರೆಯನ್ನು ಉಂಟುಮಾಡಬಲ್ಲವು.

ಒಂದೇ ಟ್ಯೂಬಿನ ಸಿಲಿಕೋನಿನಲ್ಲಿ ಯಾವ ಬಗೆಯದನ್ನು ಆರಿಸಬೇಕು ಎಂಬುದಕ್ಕೆ ಕಳಚಿಹೋಗುವ ಬೀಗವೇ ಮುಖ್ಯ ಗುರುತು. ವಿನೆಗರ್‌ನಂತೆ ಹುಳಿ ವಾಸನೆ ಬರುವುದು ಅಸಿಟಾಕ್ಸಿ ಬಗೆ, ಅದರಿಂದ ಹೊರಬರುವುದು ಅಸಿಟಿಕ್ ಆಮ್ಲ. ಗಾಜಿಗೆ ಅದು ಅತ್ಯುತ್ತಮವಾಗಿ ಹಿಡಿಯುತ್ತದೆ, ಬೇಗ ಬಲಿಯುತ್ತದೆ. ಆದರೆ ತಾಮ್ರ, ಹಿತ್ತಾಳೆ, ಸತುವಿನ ಲೇಪವಿರುವ ತಗಡು, ಸುಣ್ಣದಕಲ್ಲು, ಸಿಮೆಂಟು ಇವಕ್ಕೆ ಆ ಆಮ್ಲ ಆಗದು. ವಿದ್ಯುತ್ ಸಂಪರ್ಕದ ಒಂದು ಪೆಟ್ಟಿಗೆಗೆ ನೀರು ಹೋಗಬಾರದೆಂದು ತಂತಿಯ ಬಾಯಿಗೆ ಯಾರೋ ಹುಳಿ ವಾಸನೆಯ ಸೀಲಂಟು ತುಂಬಿ ಮುಚ್ಚಳ ಹಾಕಿದ್ದನ್ನು ಕೆಲವು ತಿಂಗಳುಗಳ ನಂತರ ನಾನು ತೆರೆದಿದ್ದೆ. ಒಳಗಿನ ತಾಮ್ರದ ತುದಿಗಳೆಲ್ಲ ಹಸಿರು ಕಿಲುಬು ಹಿಡಿದಿದ್ದವು. ನೀರಿನಿಂದ ಕಾಪಾಡಲು ಹಾಕಿದ್ದೇ ಒಳಗಿದ್ದುದನ್ನು ತಿಂದುಹಾಕಿತ್ತು. ಅಂಥ ಜಾಗಗಳಿಗೆ ಆಲ್ಕಾಕ್ಸಿ ಬಗೆಯ, ಅಂದರೆ ಮೆಥನಾಲ್ ಅಥವಾ ಎಥನಾಲ್ ಹೊರಬಿಡುವ ತಟಸ್ಥ ಸಿಲಿಕೋನ್ ಬೇಕು. ಆಕ್ಸೈಮ್ ಬಗೆ ಎಂಜಿನ್ ಗ್ಯಾಸ್ಕೆಟ್‌ಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿದೆ, ಎಣ್ಣೆಯನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ಆದರೆ ಅದರಿಂದ ಹೊರಬರುವ ಮೀಥೈಲ್ ಈಥೈಲ್ ಕೀಟಾಕ್ಸೈಮನ್ನು ಐರೋಪ್ಯ ಒಕ್ಕೂಟವು 2022ರಿಂದ ಜಾರಿಗೆ ಬಂದ ವರ್ಗೀಕರಣದಲ್ಲಿ ಕ್ಯಾನ್ಸರ್ ಉಂಟುಮಾಡಬಹುದಾದ ವಸ್ತುಗಳ ಸಾಲಿಗೆ ಸೇರಿಸಿದೆ. ಕಿಟಕಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಕುಳಿತು ದಿನವಿಡೀ ಇದನ್ನು ಹಚ್ಚುವ ಕೆಲಸಗಾರರಿಗೆ ಈ ವಿಷಯವನ್ನು ಯಾರಾದರೂ ಹೇಳಲೇಬೇಕು. ಗಾಳಿಯಾಡುವ ಜಾಗ, ಕೈಗವಸು ಇಷ್ಟಾದರೂ ಇರಲಿ.

ಇನ್ನು ಗ್ಯಾಸ್ಕೆಟ್‌ನ ಕೆಲಸ. ಇಲ್ಲಿ ಸಮಯದ ಬಹುಭಾಗ ಶುಚಿಗೊಳಿಸುವುದಕ್ಕೇ ಹೋಗಬೇಕು. ಬಲಿತ ಹಳೆಯ ಸಿಲಿಕೋನಿನ ಮೇಲೆ ಹೊಸದು ಭದ್ರವಾಗಿ ಹಿಡಿಯುತ್ತದೆ ಎಂದು ನೆಚ್ಚಿಕೊಳ್ಳುವಂತಿಲ್ಲ, ಆದ್ದರಿಂದ ಹಳೆಯದನ್ನು ಪೂರ್ತಿ ಕೆರೆದು ತೆಗೆಯಬೇಕು. ಅಲ್ಯೂಮಿನಿಯಂ ಮುಖಗಳಿದ್ದರೆ ಉಕ್ಕಿನ ಉಳಿಯ ಬದಲು ಮರದ ಅಥವಾ ಗಟ್ಟಿ ಪ್ಲಾಸ್ಟಿಕ್ಕಿನ ಪಟ್ಟಿಯನ್ನು ಬಳಸುವುದು ಕ್ಷೇಮ. ಬೇಗ ಆಗಲಿ ಎಂದು ತಿರುಗುವ ಎಮರಿ ಚಕ್ರ ಹಿಡಿಯುವವರಿದ್ದಾರೆ. ಅದರಿಂದ ಉದುರುವ ಗಟ್ಟಿ ಕಣಗಳು ಎಣ್ಣೆಯ ಜೊತೆ ಸೇರಿ ಬೇರಿಂಗ್‌ಗಳನ್ನು ಸವೆಸುತ್ತವೆ ಎಂಬುದನ್ನು ಅವರು ಗಮನಿಸಬೇಕು. ಕೊನೆಯಲ್ಲಿ ಐಸೊಪ್ರೊಪೈಲ್ ಆಲ್ಕೋಹಾಲ್ ಅಥವಾ ಅಸಿಟೋನ್ ಹಾಕಿದ ಹೊಸ ಬಟ್ಟೆಯಿಂದ ಒರೆಸಿ, ಆ ದ್ರವ ಆರುವವರೆಗೆ ಬಿಡಬೇಕು. ಸೀಮೆಎಣ್ಣೆಯಿಂದ ಒರೆಸಿದರೆ ಕಣ್ಣಿಗೆ ಶುಚಿಯಾಗಿ ಕಂಡರೂ ಎಣ್ಣೆಯ ತೆಳು ಪೊರೆ ಉಳಿದಿರುತ್ತದೆ, ಅದರ ಮೇಲೆ ಯಾವ ಸೀಲಂಟೂ ನಿಲ್ಲುವುದಿಲ್ಲ.

ಹಚ್ಚುವಾಗ ನಾಜಲ್ಲಿನ ತುದಿಯನ್ನು ಚಿಕ್ಕದಾಗಿ ಕತ್ತರಿಸಿಕೊಂಡು, 2ರಿಂದ 3 ಮಿಲಿಮೀಟರ್ ದಪ್ಪದ ಎಳೆಯನ್ನು ಎಲ್ಲಿಯೂ ಕಡಿಯದಂತೆ, ಬೋಲ್ಟಿನ ರಂಧ್ರಗಳ ಒಳಬದಿಯಿಂದ ಹಾಯಿಸಿಕೊಂಡು ಬಂದು ಆರಂಭಿಸಿದ ಜಾಗಕ್ಕೇ ಸೇರಿಸಬೇಕು. ಅಂಚು ಅಗಲವಿದ್ದರೆ ರಂಧ್ರಗಳ ಸುತ್ತ ಒಂದೊಂದು ಉಂಗುರವನ್ನೂ ಹಾಕಬಹುದು. ತಳ ಮುಚ್ಚಿದ ರಂಧ್ರಗಳೊಳಕ್ಕೆ ಸೀಲಂಟು ಇಳಿಯಬಾರದು, ಏಕೆಂದರೆ ಬೋಲ್ಟು ಬಿಗಿಯುವಾಗ ಅದು ಎಲ್ಲಿಗೂ ಹೋಗಲು ದಾರಿಯಿಲ್ಲದೆ ಎರಕದ ಭಾಗವನ್ನೇ ಸೀಳಬಲ್ಲದು. ಕೆನೆಗಟ್ಟುವ ಮೊದಲೇ ಎರಡೂ ಭಾಗಗಳನ್ನು ಕೂಡಿಸಿಬಿಡಬೇಕು. ಅಂಕಣದಲ್ಲಿ ಹೇಳಿದಂತೆ ಒಂದು ಗಂಟೆ ತೆರೆದಿಟ್ಟು ಆಮೇಲೆ ಮುಚ್ಚಿದರೆ, ಕೆನೆಗಟ್ಟಿದ ಮೇಲ್ಮೈ ಎದುರಿನ ಲೋಹಕ್ಕೆ ಅಂಟುವುದಿಲ್ಲ, ಒಳಗಿನ ಹಸಿ ಭಾಗ ಅದನ್ನು ಒಡೆದುಕೊಂಡು ಅಡ್ಡಾದಿಡ್ಡಿ ಹೊರಬರುತ್ತದೆ. ಹಾಗೆ ಮಾಡಿದ ಕೆಲಸ ನಿಂತರೆ ಅದು ಅದೃಷ್ಟ.

ಬಿಗಿಯುವುದು ಯಾವಾಗ ಎಂಬ ಬಗ್ಗೆ ಕೆಲಸಗಾರರಲ್ಲಿ ಎರಡು ಅಭಿಪ್ರಾಯಗಳಿವೆ, ಎರಡೂ ತಮ್ಮ ಜಾಗದಲ್ಲಿ ಸರಿಯಾದವೇ. ನಯವಾಗಿ ಮಟ್ಟ ಮಾಡಿದ ದಪ್ಪ ಎರಕದ ಮುಖಗಳಿದ್ದರೆ ತಕ್ಷಣವೇ, ಬಿಗಿತದ ಬಲವನ್ನು ಅಳೆಯುವ ಟಾರ್ಕ್ ವ್ರೆಂಚಿನಿಂದ ತಯಾರಕರು ಹೇಳಿದ ಬಲಕ್ಕೆ ಬಿಗಿದು ಲೋಹಕ್ಕೆ ಲೋಹ ಕೂಡುವಂತೆ ಮಾಡಿದರೂ, ಗೆರೆಗಳಲ್ಲಿಯೂ ತಗ್ಗುಗಳಲ್ಲಿಯೂ ಉಳಿಯುವ ಸೀಲಂಟು ತನ್ನ ಕೆಲಸ ಮಾಡುತ್ತದೆ. ಒತ್ತಿ ಮಾಡಿದ ತಗಡಿನ ಕವರಿಗೆ ಹಾಗೆ ಮಾಡಿದರೆ ಬೋಲ್ಟಿನ ಸುತ್ತ ತಗಡು ಬಾಗಿ, ಅಲ್ಲಿದ್ದ ಸೀಲಂಟೆಲ್ಲ ಹಿಂಡಿ ಹೊರಟುಹೋಗುತ್ತದೆ. ಅಲ್ಲಿ ಮೊದಲು ಕೈಬೆರಳಿನಿಂದ ತಿರುಗಿಸುವಷ್ಟು ಮಾತ್ರ ಬಿಗಿದು, ಅಂಚಿನಲ್ಲಿ ಸೀಲಂಟು ಸ್ವಲ್ಪ ಇಣುಕಿದ ಮೇಲೆ ನಿಲ್ಲಿಸಿ, ಸುಮಾರು ಒಂದು ಗಂಟೆಯ ನಂತರ ಉಳಿದ ಬಿಗಿತ ಕೊಡುವುದು ಒಳ್ಳೆಯದು. ಮತ್ತೆ ಮತ್ತೆ ಬಿಚ್ಚಬೇಕಾದ ಕವರಾದರೆ ಇನ್ನೊಂದು ಕ್ರಮವಿದೆ: ಒಂದು ಮುಖಕ್ಕೆ ಮಾತ್ರ ಅಂಟುವಂತೆ, ಎದುರಿನ ಮುಖಕ್ಕೆ ತೆಳುವಾಗಿ ಗ್ರೀಸ್ ಸವರಿ, ಸಡಿಲವಾಗಿ ಕೂಡಿಸಿ, ಸೀಲಂಟು ಪೂರ್ತಿ ಬಲಿತ ಮೇಲೆ ಬಿಗಿದರೆ ಅದು ಅಚ್ಚು ಹೊಯ್ದ ರಬ್ಬರ್ ಪ್ಯಾಕಿಂಗ್‌ನಂತೆ ಒತ್ತಿ ಕುಳಿತುಕೊಳ್ಳುತ್ತದೆ. ಯಾವುದೇ ಕ್ರಮವಾದರೂ, ಟ್ಯೂಬಿನ ಮೇಲೆ ಬೇರೆ ಹೇಳಿಲ್ಲದಿದ್ದರೆ, ಎಣ್ಣೆ ತುಂಬುವ ಮೊದಲು ಕನಿಷ್ಠ 24 ಗಂಟೆ ಬಿಡಬೇಕು, ಅಗಲವಾದ ಅಂಚಿಗೆ ಅದಕ್ಕಿಂತ ಹೆಚ್ಚು.

ಹೆಚ್ಚು ಹಚ್ಚಿದರೆ ಆಗುವ ಕೇಡು ಹೊರಗೆ ಕಾಣುವುದಿಲ್ಲ, ಅದೇ ಅದರ ಅಪಾಯ. ಹೊರಗೆ ಉಬ್ಬಿದಷ್ಟೇ ಸೀಲಂಟು ಒಳಗೂ ಉಬ್ಬಿರುತ್ತದೆ. ಎಣ್ಣೆಯ ಹರಿವಿಗೆ ಆ ಉಬ್ಬಿನ ತುಂಡುಗಳು ಕಳಚಿ, ಆಯಿಲ್ ಸಂಪಿನ (ಎಂಜಿನ್ನಿನ ಅಡಿಯಲ್ಲಿ ಎಣ್ಣೆ ನಿಲ್ಲುವ ತೊಟ್ಟಿ) ತಳದಲ್ಲಿರುವ ಜಾಲರಿಗೆ ಹೋಗಿ ಅಂಟಿಕೊಳ್ಳುತ್ತವೆ. ಪಂಪಿಗೆ ಎಣ್ಣೆ ಸಾಲದೆ, ಒಂದು ಕವರಿನ ಜಿನುಗು ನಿಲ್ಲಿಸಲು ಹೋಗಿ ಎಂಜಿನ್ನಿನ ಬೇರಿಂಗ್‌ಗಳೇ ಸುಟ್ಟುಹೋಗುತ್ತವೆ. ಅಂಥ ಒಂದು ಜಾಲರಿಯನ್ನು ನಾನೇ ಬಿಡಿಸಿದ್ದೇನೆ. ಅದರ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಹುಳುಗಳಂತೆ ಸುರುಳಿಯಾಗಿದ್ದ ರಬ್ಬರಿನ ತುಣುಕುಗಳು ಮುಚ್ಚಿದ್ದವು. ಕಾಗದದ ಅಥವಾ ಕಾರ್ಕಿನ ಪ್ಯಾಕಿಂಗ್ ಇರುವಲ್ಲಿ ಅದರ ಎರಡೂ ಬದಿಗೆ ಸಿಲಿಕೋನ್ ಬಳಿಯುವ ಅಭ್ಯಾಸವೂ ಒಳ್ಳೆಯದಲ್ಲ. ಹಸಿ ಸಿಲಿಕೋನ್ ಜಾರುತ್ತದೆ, ಬಿಗಿಯುವಾಗ ಪ್ಯಾಕಿಂಗ್ ಸರಿದು ಹೊರಗೆ ಬರುತ್ತದೆ. ಮೂರು ಭಾಗಗಳು ಕೂಡುವ ಮೂಲೆಗೆ ಒಂದು ಚಿಕ್ಕ ಬೊಟ್ಟು ಹಾಕುವುದು ಸರಿ. ಅನೇಕ ಎಂಜಿನ್ ತಯಾರಕರೂ ಅಲ್ಲಿ ಅದನ್ನೇ ಹೇಳುತ್ತಾರೆ.

ಸಿಲಿಕೋನ್ ಹೋಗಬಾರದ ಜಾಗಗಳೂ ಇವೆ. ಪೆಟ್ರೋಲಿನಲ್ಲಿ ಸಾಮಾನ್ಯ ಸಿಲಿಕೋನ್ ಊದಿಕೊಂಡು ಮೆತ್ತಗಾಗಿ ಕಿತ್ತುಬರುತ್ತದೆ, ಆದ್ದರಿಂದ ಇಂಧನದ ತೊಟ್ಟಿ, ಕಾರ್ಬ್ಯುರೇಟರ್, ಇಂಧನ ಪಂಪುಗಳಿಗೆ ಅದನ್ನು ಮುಟ್ಟಿಸಬಾರದು. ಎಂಜಿನ್ನಿನ ಸಿಲಿಂಡರ್ ಹೆಡ್ಡಿನ ಗ್ಯಾಸ್ಕೆಟ್‌ಗೆ ಬದಲಾಗಿ ಅದು ನಿಲ್ಲಲಾರದು. ಹೊಗೆಯಲ್ಲಿರುವ ಆಮ್ಲಜನಕವನ್ನು ಅಳೆಯುವ ಆಕ್ಸಿಜನ್ ಸೆನ್ಸರ್ ಇರುವ ಎಂಜಿನ್‌ಗಳಲ್ಲಿ, ಸೀಲಂಟಿನಿಂದ ಹೊರಡುವ ಸಿಲಿಕೋನ್ ಆವಿ ಉರಿದು ಸೆನ್ಸರಿನ ಮೇಲೆ ಸಿಲಿಕಾದ ಪೊರೆಯಾಗಿ ಕೂರುತ್ತದೆ. ಅಲ್ಲಿ ಸೆನ್ಸರಿಗೆ ಸುರಕ್ಷಿತ ಎಂದು ನಮೂದಿಸಿದ ಟ್ಯೂಬನ್ನೇ ಕೊಳ್ಳಬೇಕು. ಮಟ್ಟ ಮಾಡಿದ ಲೋಹದ ಮುಖಗಳ ನಡುವಿನ ತೀರ ತೆಳುವಾದ ಸಂದಿಗೆ ಅನೆರೋಬಿಕ್ ಸೀಲಂಟ್ ಸಿಲಿಕೋನಿಗಿಂತ ಉತ್ತಮ. ಅದರ ಸ್ವಭಾವ ಇದಕ್ಕೆ ಪೂರ್ತಿ ತದ್ವಿರುದ್ಧವಾದದ್ದು: ಗಾಳಿಯಿರುವಷ್ಟು ಹೊತ್ತು ಹಸಿಯಾಗಿದ್ದು, ಗಾಳಿ ಸಿಗದ, ಲೋಹ ತಾಗುವ ಜಾಗದಲ್ಲಿ ಮಾತ್ರ ಬಲಿಯುತ್ತದೆ. ಅದರ ಬಾಟಲಿಯನ್ನು ಪೂರ್ತಿ ತುಂಬದೆ ಗಾಳಿಗೆ ಜಾಗ ಬಿಟ್ಟಿರುವುದೂ ಇದೇ ಕಾರಣಕ್ಕೆ. ಒಂದಕ್ಕೆ ಗಾಳಿ ಬೇಕು, ಇನ್ನೊಂದಕ್ಕೆ ಗಾಳಿ ಬೇಡ ಎಂಬ ಈ ಒಂದು ವ್ಯತ್ಯಾಸ ತಿಳಿದಿದ್ದರೆ ಆ ಅಗಲ ಅಂಚಿನ ಪಂಪಿನ ಕವರಿನಲ್ಲಿ ನಾನು ಸೋಲುತ್ತಿರಲಿಲ್ಲ.

ಮನೆಯ ದುರಸ್ತಿಗಳ ಬಗ್ಗೆ ಎರಡು ಮಾತು ಸಾಕು. ಮೀನಿನ ಗಾಜಿನ ತೊಟ್ಟಿಗೆ ಸ್ನಾನದ ಮನೆಯ ಸಿಲಿಕೋನನ್ನು ಬಳಸಬಾರದು. ಬೂಷ್ಟು ಹಿಡಿಯದಿರಲಿ ಎಂದು ಅದರಲ್ಲಿ ಬೆರೆಸಿರುವ ಔಷಧ ಮೀನುಗಳಿಗೆ ವಿಷ. ಪಾಲಿಥೀನ್, ಪಾಲಿಪ್ರೊಪಿಲೀನ್, ಟೆಫ್ಲಾನ್ ಇವುಗಳಿಗೆ ಸಿಲಿಕೋನ್ ಅಂಟುವುದಿಲ್ಲ, ಸಿಲಿಕೋನಿನ ಮೇಲೆ ಬಣ್ಣ ನಿಲ್ಲುವುದಿಲ್ಲ, ಆದ್ದರಿಂದ ಬಣ್ಣ ಬಳಿಯಬೇಕಾದ ಜಾಗಕ್ಕೆ ಅದನ್ನು ಒರೆಸಿದ ಕೈಯನ್ನೂ ತಾಗಿಸಬೇಡಿ.

ಟ್ಯೂಬನ್ನೇ ನಂಬುವಂತಿಲ್ಲ ಎಂಬುದನ್ನೂ ಹೇಳಬೇಕು. ಹಳೆಯದಾದ ಸೀಲಂಟು ಹೊರಗೆ ಬಂದಾಗ ಹೊಸದರಂತೆಯೇ ಕಾಣಬಹುದು, ಆದರೆ ಎಷ್ಟು ದಿನ ಬಿಟ್ಟರೂ ಜಿಗುಟಾಗಿಯೇ ಉಳಿಯಬಹುದು. ಅದಕ್ಕಾಗಿ ನಾನು ಪಾಲಿಸುವ ಒಂದು ಕ್ರಮವಿದೆ. ಯಾವ ಕೆಲಸಕ್ಕೆ ಹಚ್ಚಿದರೂ, ಅದೇ ಹೊತ್ತಿಗೆ ಅದೇ ಟ್ಯೂಬಿನಿಂದ ಅಷ್ಟೇ ದಪ್ಪದ ಒಂದು ಎಳೆಯನ್ನು ಪ್ಲಾಸ್ಟಿಕ್ ಹಾಳೆಯ ಮೇಲೆ ಎಳೆದು, ಪಕ್ಕದಲ್ಲಿ ದಿನ ಮತ್ತು ವೇಳೆ ಬರೆದು, ಯಂತ್ರದ ಹತ್ತಿರವೇ ಇಡುತ್ತೇನೆ. ಒಂದು ಗಂಟೆಯಾದರೂ ಕೆನೆಗಟ್ಟದಿದ್ದರೆ ಆ ಟ್ಯೂಬನ್ನು ಎಸೆದು, ಹಚ್ಚಿದ್ದನ್ನು ಒರೆಸಿ ತೆಗೆಯುವುದು ಇನ್ನೂ ಸುಲಭ. ಮರುದಿನ ಆ ಎಳೆಯನ್ನು ಬ್ಲೇಡಿನಿಂದ ಅಡ್ಡವಾಗಿ ಕೊಯ್ದು ನಡುಭಾಗವನ್ನು ಬೆರಳಿನಿಂದ ಒತ್ತಿ ನೋಡುತ್ತೇನೆ. ಅಲ್ಲಿ ಜಿಗುಟಿದ್ದರೆ, ಇಲ್ಲವೇ ವಿನೆಗರ್ ವಾಸನೆ ಇನ್ನೂ ಬಲವಾಗಿ ಬರುತ್ತಿದ್ದರೆ ಯಂತ್ರವನ್ನು ಮುಟ್ಟುವುದಿಲ್ಲ. ಲೋಹದ ಸಂದಿನೊಳಗಿರುವುದು ಹೊರಗಿಟ್ಟ ಈ ಎಳೆಗಿಂತ ಯಾವಾಗಲೂ ಹಿಂದೆಯೇ ಇರುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ ಈ ಪರೀಕ್ಷೆ ಮೋಸ ಮಾಡುವುದಿಲ್ಲ.

ತಯಾರಕರಲ್ಲಿ ನನ್ನ ಮನವಿ ಒಂದಿದೆ. ಟ್ಯೂಬಿನ ಮೇಲೆ ದೊಡ್ಡ ಅಕ್ಷರಗಳಲ್ಲಿ ಅಚ್ಚಾಗುವುದು ಬಣ್ಣ ಮತ್ತು ತಾಳುವ ಶಾಖ. ಕೆಂಪು, ನೀಲಿ, ಕಪ್ಪು, ಬೂದು ಬಣ್ಣಗಳಿಗೆ ಎಲ್ಲ ತಯಾರಕರೂ ಒಪ್ಪಿದ ಅರ್ಥವೇನೂ ಇಲ್ಲದಿದ್ದರೂ ಅನೇಕರು ಬಣ್ಣ ನೋಡಿಯೇ ಕೊಳ್ಳುತ್ತಾರೆ. ಬಲಿಯುವಾಗ ಹೊರಬರುವ ವಸ್ತು ಯಾವುದು, ದಿನಕ್ಕೆ ಎಷ್ಟು ಆಳ ಬಲಿಯುತ್ತದೆ, ಯಾವ ದಿನದ ಒಳಗೆ ಬಳಸಬೇಕು ಎಂಬ ಮೂರು ಸಂಗತಿಗಳು, ಇದ್ದರೂ, ಟ್ಯೂಬಿನ ಮಡಚಿದ ತುದಿಯಲ್ಲಿ ಭೂತಗನ್ನಡಿಗೂ ದಕ್ಕದಂತೆ ಇರುತ್ತವೆ. ಈ ಮೂರನ್ನೂ ಬಳಸುವವರ ಭಾಷೆಯಲ್ಲಿ, ಕೈಯಲ್ಲಿ ಹಿಡಿದೊಡನೆ ಕಾಣುವಂತೆ ಅಚ್ಚು ಮಾಡಬೇಕು. ನಿಮ್ಮ ಅಂಕಣಕಾರರು ಕಳೆದ ವಾರದ ಸಲಹೆಗೆ ಒಂದು ತಿದ್ದುಪಡಿಯನ್ನು ಪ್ರಕಟಿಸಬೇಕೆಂದೂ, ಮುಂದೆ ಈ ವಿಷಯ ಬಂದಾಗ ‘ಒಣಗಿಸಿ’ ಎಂಬಲ್ಲಿ ‘ಬಲಿಯಲು ಬಿಡಿ’ ಎಂದು ಬರೆಯಬೇಕೆಂದೂ ಕೋರುತ್ತೇನೆ. ಆ ಸಲಹೆಯನ್ನು ಓದಿ ಈಗಾಗಲೇ ಕವರು ಕೂಡಿಸಿರುವವರು, ಎಣ್ಣೆ ತುಂಬಿಲ್ಲದಿದ್ದರೆ, ದಯವಿಟ್ಟು ಅದನ್ನು ಬಿಚ್ಚಿ ಶುಚಿಗೊಳಿಸಿ ಮತ್ತೆ ಹಚ್ಚಿ. ತುಂಬಿದ್ದರೆ ಯಂತ್ರವನ್ನು ಓಡಿಸುವ ಮೊದಲು ಎಣ್ಣೆಯ ಮಟ್ಟವನ್ನೂ ಅಂಚಿನ ಸುತ್ತಲನ್ನೂ ಒಮ್ಮೆ ನೋಡಿಕೊಳ್ಳಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಯಂತ್ರ ದುರಸ್ತಿಗಾರ